ದಿನಕ್ಕೊಂದು ಸತುವಿನ ಮಾತ್ರೆ

ನನ್ನನ್ನು ಕೊಟ್ಟಿದ್ದು ಅಮ್ಮನ ತಮ್ಮನಿಗೇ. ಹೀಗಾಗಿ ಹುಟ್ಟಿದಾಗಿನಿಂದ ಅಜ್ಜಿ ಎನ್ನುತ್ತಿದ್ದವಳೇ ನನಗೆ ಅತ್ತೆಯಾದಳು. "ಕೊಟ್ಟೆಣ್ಣು ಕುಲಕ್ಕೆ ಒರಗೆ ಅಂತಾರೆ, ನೀನು ಒಳಗೇ ಉಳ್ಕಂಡೆ" ಎಂದು ಪಣಕಹಳ್ಳಿಯ ಹೆಂಗಸರು ಛೇಡಿಸುತ್ತಿದ್ದರು. ನಾನೂ ನಗುತ್ತಿದ್ದೆ.

ಮೊದಲ ಮಗಳಿಗೆ ಐದು ತಿಂಗಳಿಗೇ ನನ್ನ ಹಾಲು ಬತ್ತಿತು. ಹಸುವಿನ ಹಾಲು, ರಾಗಿ ಸರಿ ಶುರುವಾದ ಕೆಲವೇ ವಾರಗಳಲ್ಲಿ ಬಾಯಿಯ ಸುತ್ತ, ಕುಂಡಿಯ ಮೇಲೆ ಚರ್ಮ ಸುಲಿದ ಹಾಗೆ ಕೆಂಪು ಹುಣ್ಣು. ಭೇದಿ ನಿಲ್ಲಲಿಲ್ಲ. ತಲೆ ಸವರಿದರೆ ಕೂದಲು ಅಂಗೈಗೇ ಬರುತ್ತಿತ್ತು. ಏಳನೇ ತಿಂಗಳಲ್ಲಿ ಮನೆದೇವರಿಗೆ ಮಗುವಿನ ಮುಡಿ ಕೊಡುವುದು ನಮ್ಮ ಪದ್ಧತಿ. ನನಗೆ ಜ್ವರ ಬಂದು ಅದು ಮುಂದೆ ಹೋಗಿತ್ತು.

"ನಿನ್ನಿಂದ್ಲೇ ಕಣಮ್ಮಿ. ಮುಡಿ ತಡ ಮಾಡ್ಬುಟ್ಟೆ, ದ್ಯಾವ್ರೇ ಕಿತ್ಕತ್ತಾವ್ನೆ" ಎಂದಳು ಅಜ್ಜಿ. ಹುಣ್ಣಿಗೆ ಬೇವು ಅರೆದು ಹಚ್ಚಿದಳು. ದೇವರ ಪಾಲು ತಪ್ಪಬಾರದೆಂದು, ಉದುರಿದ ಕೂದಲನ್ನು ಹಾಸಿಗೆಯಿಂದ ಒಂದೊಂದಾಗಿ ಹೆಕ್ಕಿ ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿದಳು. ಗಂಟನ್ನು ಗುಡಿಗೆ ಒಪ್ಪಿಸಿ ಬಂದ ವಾರದಲ್ಲೇ ಮಗು ಹೋಯಿತು. ಅಜ್ಜಿಯ ಮಾತನ್ನು ನಾನೂ ನಂಬಿದ್ದೆ. ಆ ಸಿಟ್ಟು ನನಗೆ ನನ್ನ ಮೇಲೆ ಇವತ್ತಿಗೂ ಇಳಿದಿಲ್ಲ.

ಆಮೇಲೆ ಮಗ ಹುಟ್ಟಿದ. ಎದೆಹಾಲು ಬಿಡಿಸಿದ ಮೇಲೆ ಅವನ ಬಾಯಿಯ ಸುತ್ತಲೂ ಅದೇ ಕೆಂಪು. ಈ ಸಲ ಯಾರನ್ನೂ ಕೇಳದೆ ಬಸ್ಸು ಹತ್ತಿ, ಘಾಟಿ ಇಳಿದು ದೊಡ್ಡ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಮಗುವನ್ನು ನೋಡಿದವರೇ ತಮಿಳಿನಲ್ಲಿ "ಸೊಂದತ್ತುಲ ಕಲ್ಯಾಣಮಾ?" ಎಂದರು. ಸಂಬಂಧದಲ್ಲೇ ಮದುವೆಯಾ ಎಂದು. ಹೂಂ ಎಂದೆ. ಪರೀಕ್ಷೆಯೆಲ್ಲ ಮುಗಿದ ಮೇಲೆ ಬಿಡಿಸಿ ಹೇಳಿದರು: ಊಟದಲ್ಲಿರುವ ಸತುವನ್ನು ಈ ಮಗುವಿನ ಕರುಳು ಸರಿಯಾಗಿ ಹೀರುವುದಿಲ್ಲ, ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದ ಹುಟ್ಟುದೋಷ, ಹತ್ತಿರದ ರಕ್ತದಲ್ಲಿ ಹೆಚ್ಚು, ದಿನಾ ಸತುವಿನ ಮಾತ್ರೆ ಕೊಡಬೇಕು, ಬದುಕಿರುವವರೆಗೂ.

ಮೊದಲನೆಯವಳಿಗೂ ಇದೇ ಸಾಕಿತ್ತಾ ಎಂದು ಕೇಳಿದೆ. ಸಾಕಿತ್ತು ಎಂದರು.

ವಾರದೊಳಗೆ ಹುಣ್ಣು ಒಣಗಿತು. ಕೆಲವು ತಿಂಗಳಲ್ಲಿ ತಲೆ ತುಂಬ ಕೂದಲು ಬಂತು.

ಕಳೆದ ತಿಂಗಳು ನನ್ನ ತಂಗಿಯನ್ನು ನನ್ನ ಮೈದುನನಿಗೆ ತರುವ ಮಾತೆದ್ದಿತು. ಎಲ್ಲರ ಮುಂದೆ ನಿಂತು, ಬೇಡ, ಅದೇ ರಕ್ತ, ಅದೇ ಕಾಯಿಲೆ ಬರಬಹುದು ಎಂದು ಕೂಗಿದೆ. ಅಮ್ಮ ತಲೆ ತಗ್ಗಿಸಿದಳು. ಅಜ್ಜಿ ನನ್ನ ಮಗನನ್ನು ತೊಡೆಯ ಮೇಲೆ ಎಳೆದುಕೊಂಡು ಅವನ ತಲೆ ಸವರಿದಳು.

"ಅದ್ಕೇನಮ್ಮಿ? ಮಾತ್ರೆ ಯಾವ್ದು ಅಂತ ಗೊತ್ತಾಯ್ತಲ್ಲ!"