ಕರಡಿಯ ಮೇಲೆ ಇಪ್ಪತ್ತೆಂಟು ಸುಣ್ಣ

ಉಬ್ರಾಣಿಯಿಂದ ಒಂದೂವರೆ ಮೈಲಿ ಒಳಗಿರುವ ಸಾಹುಕಾರರ ಬಂಗಲೆಯಲ್ಲಿ ಭೀಮಕ್ಕ ಸುಣ್ಣ ಬಳಿಯದ ಯುಗಾದಿಯೇ ಇರಲಿಲ್ಲ. ಹಬ್ಬಕ್ಕೆ ಇನ್ನೂ ವಾರವಿರುವಾಗಲೇ ಸುಣ್ಣದ ಹರಳು ಹಂಡೆಗೆ ಬಿದ್ದು ಕೊತಕೊತ ಕುದಿಯಬೇಕು. ಅದಕ್ಕೆ ಗೋಂದು ಬೀಳಬೇಕು, ಒಂದು ಚಿಟಿಕೆ ನೀಲಿ ಬೀಳಬೇಕು. ಆಮೇಲೆ ಅವಳು ಸೆರಗು ಸಿಕ್ಕಿಸಿ ಏಣಿ ಹತ್ತಿದಳೆಂದರೆ ಗೋಡೆ, ಕಂಬ, ತುಳಸಿಕಟ್ಟೆ, ಕೆಲವು ಸಲ ಏಣಿ ಹಿಡಿದು ನಿಂತ ಗಂಡ ಯರ್ರಿಸ್ವಾಮಿಯ ತಲೆ, ಎಲ್ಲವೂ ಬೆಳ್ಳಗಾಗುತ್ತಿದ್ದವು. ಬಂಗಲೆಯ ಒಡೆಯರು ಇದ್ದದ್ದು ಮೈಸೂರಿನಲ್ಲಿ. ಎರಡು ವರ್ಷಕ್ಕೊಮ್ಮೆ ಬಂದು, ಕಾಫಿ ಕುಡಿದು, "ಗೋಡೆ ಚೆನ್ನಾಗಿಟ್ಟಿದ್ದೀಯಮ್ಮ" ಎಂದು ಹೇಳಿ ಕಾರು ಹತ್ತುತ್ತಿದ್ದರು. ಆ ಒಂದು ಮಾತಿನ ಮೇಲೆ ಭೀಮಕ್ಕ ಇನ್ನೆರಡು ವರ್ಷ ದುಡಿಯುತ್ತಿದ್ದಳು. ನಮ್ಮ ಕಡೆಯ ಜನ ಹೀಗೆಯೇ. ಹೊಗಳಿದವರಿಗೆ ಬೆನ್ನು ಬಗ್ಗಿಸುತ್ತೇವೆ, ಕೂಲಿ ಕೊಟ್ಟವರ ಹತ್ತಿರ ಸೊಂಟ ನೋವು ಅನ್ನುತ್ತೇವೆ.

ಭೀಮಕ್ಕ ನೀರಿಗೆ ಬರವಿರುವ ಜಗಳೂರು ಕಡೆಯವಳು. ಮದುವೆಯಾಗಿ ಬಂದ ದಿನ ಬಂಗಲೆಯ ಬಾವಿ ನೋಡಿ, "ಹೂವಿಗೆ ಹಾಕಾಕೆ ಇಷ್ಟು ನೀರಾ" ಎಂದು ಬಾವಿಕಟ್ಟೆಯ ಮೇಲೆಯೇ ಕೂತುಬಿಟ್ಟಿದ್ದಳು. ಆ ಹೊತ್ತಿಗೆ ಹೂದೋಟ ಹೆಸರಿಗಷ್ಟೇ ಉಳಿದಿತ್ತು. ಮಾಲಿಯಾಗಿದ್ದ ಯರ್ರಿಸ್ವಾಮಿ ಗುಲಾಬಿ ಒಣಗಿದ ಪಾತಿಯಲ್ಲಿ ಬದನೆ ಹಾಕಿದ್ದ, ಕಾರಂಜಿಯ ಕಲ್ಲುತೊಟ್ಟಿಗೆ ಮಣ್ಣು ತುಂಬಿ ಮೆಣಸಿನ ಗಿಡ ಎಬ್ಬಿಸಿದ್ದ. ಹೂವು ನೋಡುವವರಿಲ್ಲದ ಮೇಲೆ ಭೂಮಿ ಸುಮ್ಮನೆ ಬಿದ್ದಿರಬಾರದು ಎಂಬುದು ಅವನ ವಾದ. ಆ ವಾದವನ್ನು ಅವನ ಮನೆಯವರೆಲ್ಲ ಮೂವತ್ತು ವರ್ಷ ಹುಳಿಯಲ್ಲೂ ಪಲ್ಯದಲ್ಲೂ ಉಂಡರು.

ಎರಡು ವರ್ಷದ ಹಿಂದೆ ಒಡೆಯರು ಬಂಗಲೆಯನ್ನೂ ತೋಟವನ್ನೂ ಒಂದು ಟ್ರಸ್ಟಿಗೆ ಬರೆದುಕೊಟ್ಟರು. ಅದು ಚಿತ್ರಕಲೆಯ ಮ್ಯೂಸಿಯಂ ಆಗುತ್ತದೆ, ತೋಟ ನೂರು ವರ್ಷದ ಹಿಂದೆ ಹೇಗಿತ್ತೋ ಹಾಗೆಯೇ ಆಗುತ್ತದೆ ಎಂದರು. ಕೆಲಸ ನೋಡಿಕೊಳ್ಳಲು ಕಲ್ಪನಾ ಎಂಬ ಆರ್ಕಿಟೆಕ್ಟ್ ಬಂದರು. ಮಾತು ಕಡಿಮೆ, ಟಾರ್ಚು ಜಾಸ್ತಿ. ಹಗಲು ಹೊತ್ತಿನಲ್ಲೇ ಗೋಡೆಗೆ ಟಾರ್ಚು ಹಿಡಿದು ನಿಲ್ಲುವವರನ್ನು ಭೀಮಕ್ಕ ಅದೇ ಮೊದಲು ನೋಡಿದ್ದು. ಕಂಟ್ರಾಕ್ಟರು ನ್ಯಾಮತಿಯ ಗುರುಬಸವರಾಜ್. ಹಿಂದೆ ಯಾರೋ ಬಳಿಸಿದ್ದ ಸಿಮೆಂಟು ಕಿತ್ತುಹಾಕಿ, ಬೆಲ್ಲದ ನೀರು ಸೇರಿಸಿದ ಗಾರೆ ಹಾಕಬೇಕೆಂದು ಮೇಡಂ ಹೇಳಿದ ದಿನ ಅವರು ಭೀಮಕ್ಕನ ಹತ್ತಿರ ಬಂದು ನಿಟ್ಟುಸಿರು ಬಿಟ್ಟರು.

"ನಮ್ಮನೇಲಿ ಟೀಗೆ ಇಷ್ಟು ಬೆಲ್ಲ ಹಾಕಲ್ಲಮ್ಮ, ಇಲ್ಲಿ ಗೋಡೆಗೆ ಹಾಕ್ತಿದೀನಿ."

ಬಂಗಲೆಯ ಕೆಲಸ ಸಾಗಿತು. ತೋಟದ್ದೇ ತೊಂದರೆ. ಅದು ಹೇಗಿತ್ತೆಂದು ತಿಳಿಸುವ ನಕ್ಷೆ ಇಲ್ಲ, ಪತ್ರ ಇಲ್ಲ. ಸಿಕ್ಕಿದ್ದು ಒಂದೇ ಫೋಟೋ. ಅದರಲ್ಲಿ ಸಾಹುಕಾರರ ಮನೆತನದ ಹದಿನಾಲ್ಕು ಜನ, ಪೇಟ, ಶಲ್ಯ, ಕುರ್ಚಿ ಸಮೇತ, ಇಡೀ ತೋಟಕ್ಕೆ ಅಡ್ಡವಾಗಿ ನಿಂತಿದ್ದರು. ಎರಡು ಪೇಟಗಳ ನಡುವೆ ಒಂದು ಎಲೆ ಕಾಣುತ್ತಿತ್ತು. ಅದು ಸಂಪಿಗೆಯೋ ಹಲಸೋ ಎಂದು ಕಲ್ಪನಾ ಮೇಡಂ ಮೂರು ತಿಂಗಳು ಯೋಚಿಸಿದರು.

ಭೀಮಕ್ಕನಿಗೆ ಉತ್ತರ ಗೊತ್ತಿತ್ತು. ಹಲಸಿನ ಮರ ಅದು; ಅದರ ಪಕ್ಕ ಸಂಪಿಗೆ, ಸಂಪಿಗೆಯ ಬುಡದಲ್ಲಿ ನೀರಿನ ಕಾಲುವೆ. ಯಾಕೆಂದರೆ ಆ ತೋಟ ಪೂರ್ತಿಯಾಗಿ ಹಿಂದಿನ ಜಗುಲಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿತ್ತು. ಅದಕ್ಕೆ ಸುಣ್ಣ ಬಳಿದವಳು ಅವಳೇ.

ಆಗ ಮಗಳು ಅರುಣಾಳಿಗೆ ಮೂರು ವರ್ಷ. ಹಿಂದಿನ ಜಗುಲಿಯೇ ಅವರ ಅಡುಗೆಮನೆ, ಊಟದ ಮನೆ. ಗೋಡೆಯ ತೋಟದ ಕೆಳಮೂಲೆಯಲ್ಲಿ, ಸರಿಯಾಗಿ ಮಗುವಿನ ಕಣ್ಣಿನ ಎತ್ತರಕ್ಕೆ, ಚಿತ್ರಗಾರ ಒಂದು ಕರಡಿ ಬರೆದಿದ್ದ. ಹಲಸಿನ ಹಣ್ಣು ಬಗೆಯುತ್ತ ಕುಳಿತ ಕರಡಿ, ಕಣ್ಣು ಕೆಂಪು. ಮಗು ಎರಡು ತುತ್ತು ಉಂಡು, "ಅವ್ವಾ, ಅದು ನೋಡ್ತೈತೆ" ಎಂದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಭೀಮಕ್ಕ ಕರಡಿಗೂ ಮಗುವಿಗೂ ನಡುವೆ ಕೂತು ಉಣಿಸಿದಳು. ಮಗು ಪಕ್ಕಕ್ಕೆ ಬಾಗಿ ನೋಡಿತು. ಚಾಪೆ ನೇತು ಹಾಕಿದಳು. ಚಾಪೆಯ ಹಿಂದಿನಿಂದ ನೋಡುತ್ತೈತೆ ಅಂದಿತು. ಮಗುವಿನ ಪಕ್ಕೆಲುಬು ಎಣಿಸುವ ಹಾಗಾದಾಗ ಭೀಮಕ್ಕ ಒಂದು ಮಧ್ಯಾಹ್ನ ಸುಣ್ಣ ಕಲಸಿ ಕರಡಿಯನ್ನು ಮುಚ್ಚಿದಳು. ಕರಡಿಯೊಂದನ್ನೇ ಮುಚ್ಚಿದರೆ ಗೋಡೆಗೆ ತೇಪೆ ಹಾಕಿದ ಹಾಗೆ ಕಂಡಿತು. ಅಚ್ಚುಕಟ್ಟು ಹೆಂಗಸು, ಪೂರ್ತಿ ಬಳಿದಳು. ಆ ಸಂಜೆ ಮಗು ಒಂದು ಮುದ್ದೆ ಉಂಡಿತು. ಮರುವರ್ಷ ಬಂದ ಒಡೆಯರು ಗೋಡೆ ಚೆನ್ನಾಗಿದೆ ಎಂದು ಹೊಗಳಿ ಹೋದರು.

ಇಷ್ಟು ವರ್ಷ ಅದು ಯಾರಿಗೂ ಬೇಕಾಗಿರಲಿಲ್ಲ. ಈಗ ಒಂದು ಶನಿವಾರ ಗುರುಬಸವರಾಜ್ ಬಂದು ಅದೇ ಗೋಡೆಯ ನಡುವೆ ಕೆಂಪು ಪೆನ್ಸಿಲಿನಲ್ಲಿ ಒಂದು ಚೌಕ ಎಳೆದರು. ಅಡುಗೆಯವರು ಓಡಾಡುವ ಜಾಗದಲ್ಲಿ ಯಾರು ಚಿತ್ರ ಬರೆಸುತ್ತಾರೆಂದು ಆ ಗೋಡೆಯನ್ನು ಯಾರೂ ಕೆರೆದು ನೋಡಿರಲಿಲ್ಲ.

"ಸೋಮವಾರ ಒಡೀತೀವಿ. ಇಲ್ಲಿಂದ ತೋಟಕ್ಕೆ ಇಳಿಯಾಕೆ ಗಾಜಿನ ಬಾಗಿಲು" ಎಂದರು.

ಭಾನುವಾರವೆಲ್ಲ ಗಂಡಹೆಂಡತಿಯ ಮಾತು ಅದೇ.

"ಹೇಳಿಬಿಡ್ತೀನಿ ಕಣ್ರಿ" ಎಂದಳು ಭೀಮಕ್ಕ.

"ಬಾಯಿ ಮುಚ್ಕೊಂಡಿರು" ಎಂದ ಯರ್ರಿಸ್ವಾಮಿ, ಬದನೆ ಕೀಳುತ್ತ. "ನನ್ನ ಮಾಲಿ ಅಂತ, ನಿನ್ನ ಬಂಗಲೆ ನೋಡ್ಕಳಾಕೆ ಅಂತ ಇಲ್ಲೇ ಇಟ್ಕಂತೀವಿ ಅಂದಾರೆ. ಮ್ಯೂಸಿಯಮ್ಮಿನ ಚಿತ್ರಕ್ಕೆ ಸುಣ್ಣ ಬಳಿದವಳನ್ನ ಮ್ಯೂಸಿಯಮ್ಮಿನಾಗೆ ಇಟ್ಕಂತಾರಾ?"

"ಒಡೆದ ಮೇಲೆ ಹೋದದ್ದು ಹೋಯ್ತಲ್ಲ."

"ಹೋದ್ರೆ ಕರಡಿ ಹೋಗ್ತೈತೆ. ಹೇಳಿದ್ರೆ ನಾವು ಹೋಗ್ತೀವಿ."

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸಂಜೆ ಜಗುಲಿ ಗುಡಿಸುವಾಗ ಆ ಕೆಂಪು ಚೌಕದ ಮುಂದೆ ಭೀಮಕ್ಕನ ಪೊರಕೆ ನಿಂತುಬಿಟ್ಟಿತು. ಯಾರೋ ಒಬ್ಬ ಪುಣ್ಯಾತ್ಮ ನೂರು ವರ್ಷದ ಹಿಂದೆ ಕೂತು ಒಂದೊಂದೇ ಎಲೆ ಬರೆದಿದ್ದ. ಅರುಣಾಳನ್ನು ಹೆದರಿಸಬೇಕೆಂದು ಅವನೇನೂ ಬರೆದಿರಲಿಲ್ಲ.

ಸೋಮವಾರ ಬೆಳಿಗ್ಗೆ ಕೆಲಸದವರು ಸುತ್ತಿಗೆ, ಉಳಿ ತಂದಾಗ ಗೋಡೆಗೆ ಬೆನ್ನು ಕೊಟ್ಟು ಭೀಮಕ್ಕ ಕೂತಿದ್ದಳು. ಗುರುಬಸವರಾಜ್ ಏಳಲು ಹೇಳಿದರು. ಏಳಲಿಲ್ಲ. ಮೇಡಂ ಬರಲಿ ಎಂದಳು. ಮೇಡಂ ಬಂದರು, ಟಾರ್ಚಿನ ಸಮೇತ. ಭೀಮಕ್ಕ ಕೂತಲ್ಲಿಂದಲೇ ಎಲ್ಲ ಹೇಳಿದಳು: ಹಲಸು, ಸಂಪಿಗೆ, ಕಾಲುವೆ, ಕರಡಿ, ಊಟ ಬಿಟ್ಟ ಮಗು, ಆಮೇಲಿನ ಇಪ್ಪತ್ತೆಂಟು ಯುಗಾದಿಯ ಸುಣ್ಣ.

ಕಲ್ಪನಾ ಮೇಡಂ ಬಯ್ಯಲಿಲ್ಲ. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಒಂದೇ ಪ್ರಶ್ನೆ ಕೇಳಿದರು.

"ಮೊದಲನೇ ಸಲ ಬಳಿದಾಗ ಸುಣ್ಣಕ್ಕೆ ಗೋಂದು ಹಾಕಿದ್ರಾ, ಭೀಮಕ್ಕ?"

ಭೀಮಕ್ಕನ ಮುಖ ಕಪ್ಪಿಟ್ಟಿತು. ಚಿತ್ರ ಮುಚ್ಚಿದ್ದನ್ನು ಹೇಳಬಹುದಿತ್ತು, ಇದನ್ನು ಹೇಳುವುದು ಕಷ್ಟ. ಗೋಂದು ಹಾಕಿದ ಅವಳ ಸುಣ್ಣ ಗೋಡೆಗೆ ಒರಗಿದವರ ಮೈಗೆ ಅಂಟುವುದಿಲ್ಲ ಎಂಬುದು ಉಬ್ರಾಣಿ ಸುತ್ತಮುತ್ತ ಹೆಸರಾದ ಮಾತು. ಸುಣ್ಣ ಬಳಿಯುವವರ ನಡುವೆ ಅದಕ್ಕಿಂತ ದೊಡ್ಡ ಬಿರುದಿಲ್ಲ.

"ಇಲ್ಲ ಮೇಡಂ" ಎಂದಳು ತಲೆ ತಗ್ಗಿಸಿ. "ಗೋಂದು ತರಾಕೆ ಚನ್ನಗಿರಿಗೆ ಹೋಗಬೇಕಿತ್ತು. ಮಗು ಕಂಕುಳಾಗಿತ್ತು. ಹಂಗೇ ಬಳಿದುಬಿಟ್ಟೆ. ಅದೊಂದೇ ಸಲ ರೀ."

ಕಲ್ಪನಾ ಮೇಡಂ ಕಣ್ಣು ಮುಚ್ಚಿ ಗೋಡೆಗೆ ತಲೆ ಒರಗಿಸಿದರು. ಅಳುತ್ತಿದ್ದಾರೇನೋ ಎಂದು ಗುರುಬಸವರಾಜ್ ಹೆದರಿದರು. ನಗುತ್ತಿದ್ದರು.

ಗೋಂದಿಲ್ಲದ ಆ ಮೊದಲ ಸುಣ್ಣ ಚಿತ್ರಕ್ಕೆ ಅಂಟಿಕೊಂಡೇ ಇರಲಿಲ್ಲ. ತೆಳು ಚಾಕುವಿನಿಂದ ಅಂಚು ಎಬ್ಬಿಸಿದರೆ ಮೇಲಿನ ವರ್ಷಗಳೆಲ್ಲ ಒಟ್ಟಾಗಿ, ಕಾವಲಿಯಿಂದ ಏಳುವ ರೊಟ್ಟಿಯ ಹಾಗೆ ಎದ್ದು ಬರುತ್ತಿದ್ದವು. ಆದರೂ ಎರಡು ತಿಂಗಳು ಹಿಡಿಯಿತು. ಚಿತ್ರದ ಆಕಾಶದ ಒಂದು ಮೂಲೆ ಸುಣ್ಣದ ಜೊತೆ ಕಿತ್ತು ಕೈಗೆ ಬಂದುಬಿಟ್ಟಿತು, ಮಿಕ್ಕಿದ್ದೆಲ್ಲ ಉಳಿಯಿತು. ಮೇಡಂ ಒಂದು ಚಕ್ಕೆಯನ್ನು ಭೂತಗನ್ನಡಿಯ ಕೆಳಗಿಟ್ಟು ಪದರ ಎಣಿಸಿದರು.

"ಈ ಪದರದಲ್ಲಿ ನೀಲಿ ಯಾಕಿಷ್ಟು ಜಾಸ್ತಿ?"

ಭೀಮಕ್ಕ ಬಗ್ಗಿ ನೋಡಿದಳು. "ಅದು ಅರುಣನ್ನ ಮದುವೆ ಮಾಡಿಕೊಟ್ಟ ವರ್ಷ ರೀ. ಕೈ ಎಲ್ಲೋ ಇತ್ತು, ಮನಸ್ಸು ಎಲ್ಲೋ ಇತ್ತು."

ಕೆಲಸದ ಮಾತನ್ನು ಅವಳೇ ಎತ್ತಿದಳು. "ನಮ್ಮನ್ನ ಯಾವಾಗ ಹೋಗು ಅಂತೀರಿ ಮೇಡಂ?"

"ನಿಮ್ಮನ್ನ ಕಳಿಸಿದ್ರೆ ಮಿಕ್ಕ ಗೋಡೆಗಳಲ್ಲಿ ಏನೇನು ಮುಚ್ಚಿಟ್ಟಿದೀರಿ ಅಂತ ಯಾರನ್ನ ಕೇಳಲಿ" ಎಂದರು ಕಲ್ಪನಾ. "ಸುಣ್ಣ ನೀವೇ ಬಳೀಬೇಕು. ಈ ಗೋಡೆ ಒಂದು ಬಿಟ್ಟು."

ಗೋಡೆಯಲ್ಲಿ ಕಂಡಂತೆ ಕಾಲುವೆ ತೋಡಿದರು, ಸಂಪಿಗೆ ನೆಟ್ಟರು. ಕಾರಂಜಿಯಿಂದ ಮೆಣಸಿನ ಗಿಡ ಹೊರಟಿತು. ಚಿತ್ರದ ಬಲಗಡೆ ಒಂದು ಪಾತಿಯಲ್ಲಿ ನೇರಳೆ ಬಣ್ಣದ ಚುಕ್ಕೆಗಳಿದ್ದವು. ಅದು ಯಾವುದೋ ಹೂವು ಎಂದರು ಮೇಡಂ. ಬದನೆಕಾಯಿ ಎಂದು ಯರ್ರಿಸ್ವಾಮಿ ಹಟ ಹಿಡಿದ. "ನಾನು ತೋಟ ಕೆಡಿಸಿದೆ ಅಂತ ಎಲ್ರೂ ಅಂತಿದ್ರಲ್ಲ, ನೋಡ್ರಿ, ಸಾಹುಕಾರ್ರ ಕಾಲದಾಗೇ ಐತೆ." ಕೊನೆಗೆ ಆ ಪಾತಿಯನ್ನು ಅರ್ಧ ಹೂವಿಗೆ, ಅರ್ಧ ಬದನೆಗೆ ಪಾಲು ಮಾಡಿದರು. ಬದನೆಯ ಅರ್ಧ ಸ್ವಲ್ಪ ದೊಡ್ಡದಾಗಿದೆ.

ಹೊನ್ನಾಳಿಯಲ್ಲಿ ಅಂಗನವಾಡಿ ಟೀಚರಾಗಿರುವ ಅರುಣಾ ಒಂದು ಭಾನುವಾರ ಬಂದಳು. ದಿನವೂ ಇಪ್ಪತ್ತು ಮಕ್ಕಳಿಗೆ ಉಣಿಸುವ ಹೆಂಗಸು. ಗೋಡೆಯ ಮುಂದೆ ಬಗ್ಗಿ ನಿಂತು ಬಹಳ ಹೊತ್ತು ನೋಡಿದಳು.

"ಇಷ್ಟೇನಾ ಅವ್ವಾ? ಗೇಣುದ್ದ ಐತೆ. ನಾನು ಬಾಗಿಲಷ್ಟು ದೊಡ್ಡದು ಅನ್ಕೊಂಡಿದ್ದೆ."

"ನೀನೂ ಆಗ ಗೇಣುದ್ದ ಇದ್ದೆ."

"ಪಾಪ, ಅದು ನನ್ನ ನೋಡ್ತಾನೇ ಇಲ್ಲ. ಹಣ್ಣು ನೋಡ್ತೈತೆ" ಎಂದು ಅರುಣಾ ನಕ್ಕಳು. ಫೋನಿನಲ್ಲಿ ಫೋಟೋ ಹೊಡೆದುಕೊಂಡಳು. ಅಂಗನವಾಡಿ ಮಕ್ಕಳಿಗೆ ತೋರಿಸುತ್ತೇನೆ ಅಂದಳು.

ಮಧ್ಯಾಹ್ನ ಜಗುಲಿಯಲ್ಲೇ ಊಟಕ್ಕೆ ಕೂತರು. ಮುದ್ದೆ, ಬದನೆಕಾಯಿ ಹುಳಿ. ಅರುಣಾ ಮಾತಾಡುತ್ತ ಎರಡು ತುತ್ತು ಉಂಡಳು. ಆಮೇಲೆ ಅದೇ ಮಾತು ಮುಂದುವರಿಸುತ್ತಲೇ, ತನಗೇ ತಿಳಿಯದ ಹಾಗೆ, ತಟ್ಟೆಯನ್ನು ಗೋಡೆಯಿಂದ ಒಂದು ಮೊಳ ಆಚೆ ಸರಿಸಿಕೊಂಡಳು.

ಭೀಮಕ್ಕ ತನ್ನ ತಟ್ಟೆ ಎತ್ತಿಕೊಂಡು ಬಂದು, ಮಗಳಿಗೂ ಕರಡಿಗೂ ನಡುವೆ, ಗೋಡೆಗೆ ಬೆನ್ನು ತಾಗದ ಹಾಗೆ ಜಾಗ ಬಿಟ್ಟು ಕೂತಳು.