ರಸ್ತೆ ಕಡೆಗೆ ಮುಖ

ಟಾರ್ಪಾಲು ಹೊಲಿಯುತ್ತಿದ್ದ ಲಿಯಾಕತ್ ಅಲಿ ಕಳೆದ ಗುರುವಾರ ಮುಂಜಾನೆ ಗುಂಡ್ಲುಪೇಟೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ಅರವತ್ತಮೂರು ವರ್ಷವಾಗಿತ್ತು. ಎದೆ ನೋಯುತ್ತಿದೆ ಎಂದು ಎದ್ದು ಕೂತರು. ಹೆಂಡತಿ ಕರೀಮುನ್ನೀಸಾ ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಸುದ್ದಿ ಮುಟ್ಟಿದಾಗ ಬೇಗೂರಿನ ರಾಚಯ್ಯ ತನ್ನ ಲಾರಿಯೊಂದಿಗೆ ಕಲ್ಲಿಕೋಟೆಯ ಕಡಲ ತೀರದಲ್ಲಿದ್ದ. ಇಳಿಸದೆ ಉಳಿದಿದ್ದ ಕೋಸನ್ನು ಸಿಕ್ಕವರಿಗೆ ಒಪ್ಪಿಸಿ ಘಾಟಿ ಹತ್ತಿದ. ಮಧ್ಯಾಹ್ನದ ನಮಾಜು ಮುಗಿದು ಮಣ್ಣು ಮಾಡುವ ಹೊತ್ತಿಗೆ ಸರಿಯಾಗಿ ತಲುಪಿ, ಉಳಿದವರಂತೆ ತಾನೂ ಮೂರು ಹಿಡಿ ಮಣ್ಣು ಹಾಕಿದ. ಅವನಿಗೆ ಆಗ ದುಃಖಕ್ಕಿಂತ ಮೊದಲು ನೆನಪಾದದ್ದು ಒಂದು ಲೆಕ್ಕ: ತನ್ನ ಆಯುಷ್ಯದ ಕಳೆದ ಮೂರು ವರ್ಷ ಈ ಮನುಷ್ಯ ಕೊಟ್ಟದ್ದು.

ಲಿಯಾಕತ್ ಅಲಿಯವರ ಅಂಗಡಿ ಊಟಿ ರಸ್ತೆಯಲ್ಲಿತ್ತು. ಅಂಗಡಿ ಎಂದರೆ ಒಂದು ತಗಡಿನ ಸೂರು, ಒಂದು ಹಳೆಯ ಹೊಲಿಗೆ ಯಂತ್ರ, ಉಳಿದದ್ದೆಲ್ಲ ನೆಲ. ಆ ನೆಲದ ತುಂಬ ಟಾರ್ಪಾಲು ಹರಡಿಕೊಂಡಿರುತ್ತಿತ್ತು. ಅದರ ಮೇಲೆ ಯಾರೂ ಕಾಲಿಡುವಂತಿರಲಿಲ್ಲ. ಚಪ್ಪಲಿ ಬಿಟ್ಟು ಬಂದರೂ ಬೈಗುಳ ತಪ್ಪುತ್ತಿರಲಿಲ್ಲ. ಎಷ್ಟೇ ದೊಡ್ಡ ಗಿರಾಕಿಯಾಗಲಿ ಗೋಡೆಗೆ ಬೆನ್ನು ಉಜ್ಜಿಕೊಂಡು ಸುತ್ತಿ ಬರಬೇಕು. ‘ನಿನ್ನ ಸರಕು ಕಾಯೋದು ಇದು. ಇದ ತುಳಿತೀಯಾ?’ ಎನ್ನುತ್ತಿದ್ದರು. ಲಾರಿಗೆ ಆಗದಷ್ಟು ಹಳತಾದ ಟಾರ್ಪಾಲುಗಳಿಗೆ ತೇಪೆ ಹಾಕಿ, ವರ್ಷಕ್ಕೊಮ್ಮೆ ರಾಚಯ್ಯನ ಲಾರಿಯಲ್ಲಿ ಕೊಂಡೊಯ್ದು ಮೀನುಗಾರರಿಗೆ ಮಾರುತ್ತಿದ್ದರು. ದೋಣಿ, ಬಲೆ ಮುಚ್ಚಲು ಅವು ಬೇಕಾಗುತ್ತಿದ್ದವು.

ಎರಡು ಸಾವಿರದ ಆರರ ನವೆಂಬರಿನಲ್ಲಿ ಹಾಗೆ ಹೊರಟ ದಿನ ರೇಡಿಯೋದಲ್ಲಿ ಚಂಡಮಾರುತದ ಸುದ್ದಿ ಬಂತು. ಗುಂಡ್ಲುಪೇಟೆ ಸೀಮೆಯಲ್ಲಿ ಅದಕ್ಕೆ ಯಾರೂ ಹೆದರುವುದಿಲ್ಲ. ಇಲ್ಲಿ ಸೈಕ್ಲೋನ್ ಎಂದರೆ ಮೂರು ದಿನದ ಸೋನೆ. ಗೋಪಾಲಸ್ವಾಮಿ ಬೆಟ್ಟ ಕಾಣದಂತೆ ಮೋಡ, ಟೊಮೆಟೊ ಒಡೆಯುವುದು, ಬೋಂಡಾ ಅಂಗಡಿಗೆ ವ್ಯಾಪಾರ, ಅಷ್ಟೆ.

‘ಬ್ಯಾಡ ರಾಚಯ್ಯ, ಎರಡು ದಿನ ತಡಿ,’ ಎಂದರು ಲಿಯಾಕತ್ ಅಲಿ.

‘ಸೋನೆಗೆ ಎದರ್ಕೊಂಡು ಕೋಸು ಕೊಳೆಸ್ಲಾ? ನೀವು ಬೇಕಾದ್ರೆ ಮನೇಲಿರಿ ಭಾಯ್, ಅತ್ಗೆ ಬಿಸಿ ಟೀ ಕೊಡ್ತಾರೆ.’

‘ನೀನು ಹೋದ್ರೆ ನಾನೂ ಬತ್ತೀನಿ.’

‘ಯಾಕೆ, ನನ್ ಮ್ಯಾಲೆ ಅಷ್ಟು ಪಿರೀತಿಯಾ?’

‘ಗಾಡಿ ಮ್ಯಾಲಿರೋ ಟಾರ್ಪಾಲು ನಂದು ಕಣ್ಲಾ,’ ಎಂದು ಹತ್ತಿ ಕೂತರು.

ಹನ್ನೊಂದರ ಹೊತ್ತಿಗೆ ಕಲ್ಲಿಕೋಟೆಯ ಮೀನುಗಾರರ ಕೇರಿ ತಲುಪಿದರೆ ಅಲ್ಲಿ ಒಳ್ಳೆಯ ಬಿಸಿಲು. ಚಂಡಮಾರುತ ದೂರದ ಕಡಲಿನಲ್ಲೇ ಉತ್ತರಕ್ಕೆ ಹೋಗುತ್ತದಂತೆ. ನೀರಿಗಿಳಿಯಬೇಡಿ ಎಂದಿದ್ದರಿಂದ ಗಂಡಸರೆಲ್ಲ ದೋಣಿ ಎಳೆದಿಟ್ಟು ಬಲೆ ಸರಿಮಾಡುತ್ತ ಕೂತಿದ್ದರು. ರಾಚಯ್ಯ ನಕ್ಕ. ಟಾರ್ಪಾಲು ಇಳಿಸಲು ಹತ್ತಿರವಾಗಲೆಂದು ಲಾರಿಯನ್ನು ಮರಳಿನವರೆಗೂ ಇಳಿಸಿ, ಕಡಲಿಗೆ ಮುಖ ಮಾಡಿ ನಿಲ್ಲಿಸಿದ. ಆಮೇಲೆ ನಮ್ಮ ಕಡೆಯ ಡ್ರೈವರುಗಳೆಲ್ಲ ಮಾಡುವಂತೆ ಲಾರಿಯ ಕೆಳಗಿನ ನೆರಳಿಗೆ ನುಸುಳಿ, ಟವೆಲು ಮುಖಕ್ಕೆ ಹಾಕಿಕೊಂಡು ಮಲಗಿಬಿಟ್ಟ. ಅವನ ಪ್ರಕಾರ ನೀರು ಬರುವುದು ಮಳೆಯಿಂದ. ಮಳೆಯಿಲ್ಲದ ದಿನ ನೀರಿಗೆ ಯಾಕೆ ಹೆದರಬೇಕು?

ಲಿಯಾಕತ್ ಅಲಿ ಮಲಗಲಿಲ್ಲ. ಗಾಳಿಯಿಲ್ಲ, ಆದರೆ ಅಲೆ ದೊಡ್ಡದಾಗಿತ್ತು. ಒಂದು ಅಲೆ ಒಡೆದ ಮೇಲೆ ಇನ್ನೊಂದು ಬರುವ ತನಕ ಎಣಿಸಿದರು. ಏಳೆಂಟಕ್ಕೆ ಬರಬೇಕಾದದ್ದು ಹದಿನೈದಕ್ಕೆ ಬಂತು. ಮತ್ತೆ ಎಣಿಸಿದರು. ಹದಿನೇಳು. ಅಲೆಗಳ ನಡುವೆ ಹೀಗೆ ಅಂತರ ಬಿದ್ದರೆ ದೂರದ ಬಿರುಗಾಳಿ ಕಡಲನ್ನು ದಡಕ್ಕೆ ನೂಕುತ್ತಿದೆ ಎಂದು ಅವರಿಗೆ ಗೊತ್ತಿತ್ತು. ಎದ್ದು ಬಂದು ರಾಚಯ್ಯನ ಎರಡೂ ಕಾಲು ಹಿಡಿದು ಹೊರಕ್ಕೆ ಎಳೆದರು.

‘ಏಳ್ಲಾ. ಗಾಡಿ ತಗಿ. ಸಮುದ್ರ ಮ್ಯಾಲಕ್ಕೆ ಬತ್ತದೆ.’

‘ಮಳೆನೇ ಇಲ್ವಲ್ಲ ಭಾಯ್.’

‘ಮಳೆ ಅಲ್ಲ ಬರೋದು. ಏಳು.’

ಆ ದನಿಯನ್ನು ರಾಚಯ್ಯ ಮೊದಲು ಕೇಳಿರಲಿಲ್ಲ. ಎದ್ದು ಗಾಡಿ ಚಾಲೂ ಮಾಡಿದ. ಲಿಯಾಕತ್ ಅಲಿ ಮನೆಮನೆಯ ಮುಂದೆ ನಿಂತು ಮಲಯಾಳದಲ್ಲಿ ಕೂಗಿದರು. ಕೆಲವರು ನಕ್ಕರು. ಅಷ್ಟರಲ್ಲಿ ಒಂದು ಅಲೆ ಒಣಹಾಕಿದ್ದ ಮೀನಿನವರೆಗೂ ಬಂದು ಮೀನೆಲ್ಲ ಬಳಿದುಕೊಂಡು ಹೋಯಿತು. ನಗು ನಿಂತಿತು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಓಡಿಬಂದು ಕೋಸಿನ ರಾಶಿಯ ಮೇಲೆ ಹತ್ತಿ ಕೂತರು. ಒಣಮೀನು ಮಾರುವ ಆಯಿಷುಮ್ಮ ಎಂಬ ಮುದುಕಿ ತನ್ನ ಕೋಳಿಯಿಲ್ಲದೆ ಬರುವುದಿಲ್ಲವೆಂದಳು. ಕೋಳಿ ಹಿಡಿಯಲು ಲಿಯಾಕತ್ ಅಲಿಯೇ ಓಡಬೇಕಾಯಿತು.

ಆದರೆ ಲಾರಿ ಹಿಂದಕ್ಕೆ ಬರಲೊಲ್ಲದು. ಹಿಂಚಕ್ರ ಮರಳಿನಲ್ಲಿ ಸುತ್ತಿ ಸುತ್ತಿ ಇಳಿಯಿತು. ನೀರು ಮುಂಚಕ್ರ ಮುಟ್ಟಿತು. ಕನ್ನಡಿಯಲ್ಲಿ ರಾಚಯ್ಯ ಕಂಡದ್ದು ಇಷ್ಟು: ಯಾರ ಕಾಲೂ ತಾಗದಂತೆ ಕಾಪಾಡಿಕೊಂಡು ಬಂದಿದ್ದ ಟಾರ್ಪಾಲುಗಳನ್ನು ಲಿಯಾಕತ್ ಅಲಿ ಒಂದೊಂದಾಗಿ ಬಿಡಿಸಿ ಹಿಂಚಕ್ರದಡಿಗೆ ಹಾಸುತ್ತಿದ್ದರು. ಮರಳಿನ ಮೇಲೆ ಮೊಣಕಾಲೂರಿ, ಮೂಲೆ ಎಳೆದು, ಹೊಲಿಗೆಗೆ ಹಾಸುವಷ್ಟೇ ನೀಟಾಗಿ.

‘ಬುಡು ಈಗ,’ ಎಂದು ಕೂಗಿದರು.

ಚಕ್ರಕ್ಕೆ ಹಿಡಿತ ಸಿಕ್ಕಿತು. ಲಾರಿ ಟಾರ್ಪಾಲುಗಳನ್ನು ಹರಿದುಕೊಂಡು ರಸ್ತೆಗೆ ಏರಿತು. ಅರ್ಧ ಮೈಲಿ ಆಚೆ ಒಂದು ದಿಬ್ಬದ ಮೇಲೆ ಶಾಲೆಯಿತ್ತು. ಅಲ್ಲಿಗೆ ಒಂದು ಸಲ, ತಿರುಗಿ ಬಂದು ರಸ್ತೆಯಲ್ಲೇ ನಿಂತು ಇನ್ನೊಂದು ಸಲ. ಕೊನೆಯ ಸಲ ಹತ್ತಿದವರು ಸೊಂಟದವರೆಗೆ ಒದ್ದೆಯಾಗಿದ್ದರು. ಒಂದು ಹನಿ ಮಳೆ ಬಿದ್ದಿರಲಿಲ್ಲ.

ದಿಬ್ಬದ ಮೇಲೆ ಹೆಂಗಸರು ಮಕ್ಕಳನ್ನು ಎಣಿಸಿಕೊಂಡರು. ರಾಚಯ್ಯ ಲಾರಿ ಕಡೆ ನೋಡಿ ಅಂದ: ‘ಭಾಯ್, ಆ ಕೋಳಿ ನನ್ನ ಕೋಸು ತಿಂತಾ ಅದೆ.’

‘ತಿನ್ಲಿ ಬುಡು. ಅದಕ್ಕೂ ಎದರ್ಕೆ ಆಗಿರ್ತದೆ.’

ಸಂಜೆ ನೀರು ಇಳಿದ ಮೇಲೆ ಇಬ್ಬರೂ ಹೋಗಿ ನೋಡಿದರು. ಹತ್ತಾರು ಮನೆ ಕುಸಿದಿದ್ದವು, ಬಾವಿಗೆಲ್ಲ ಉಪ್ಪುನೀರು ನುಗ್ಗಿತ್ತು. ಜನ ಮಾತ್ರ ಎಲ್ಲರೂ ಉಳಿದಿದ್ದರು. ರಾಚಯ್ಯ ಮಲಗಿದ್ದ ಜಾಗದಲ್ಲಿ ಒಂದು ದೋಣಿ ಮಗುಚಿಕೊಂಡು ಅರ್ಧ ಹೂತಿತ್ತು.

ವಾಪಸು ಬರುವಾಗ ಘಾಟಿಯಲ್ಲಿ ಲಿಯಾಕತ್ ಅಲಿ ಹೇಳಿದರು. ಹರೆಯದಲ್ಲಿ ಅವರು ಹೊಲಿಗೆ ಕಲಿತದ್ದು ಆ ತೀರದಲ್ಲೇ, ದೋಣಿಯ ಹಾಯಿ ಹೊಲಿಯುವ ಒಂದು ಕೊಟ್ಟಿಗೆಯಲ್ಲಿ. ಒಂದು ಮಧ್ಯಾಹ್ನ ಉಸ್ತಾದರು ಕೊಟ್ಟಿಗೆಯೊಳಗೆ ಮಲಗಿದ್ದರು. ಇವರು ನೂಲು ತರಲು ಪೇಟೆಗೆ ಹೋಗಿದ್ದರು. ತಿರುಗಿ ಬಂದಾಗ ಕೊಟ್ಟಿಗೆಯೇ ಇರಲಿಲ್ಲ. ‘ಅವತ್ತೂ ಬಿಸಿಲೇ ಇತ್ತು,’ ಎಂದರು. ‘ಎಬ್ಬಿಸಕ್ಕೆ ನಾನಿರ್ಲಿಲ್ಲ.’

ಕೃತಜ್ಞತೆ ಹೇಳಲು ರಾಚಯ್ಯ ಹಲವು ಸಲ ನೋಡಿದ. ಹೊಸ ಟಾರ್ಪಾಲಿನ ಬಟ್ಟೆ ತಂದುಕೊಟ್ಟ. ಹೆಂಡತಿ ಪುಟ್ಟಬಸಮ್ಮ ಹುಚ್ಚೆಳ್ಳಿನ ಚಟ್ನಿಪುಡಿ ಮಾಡಿ ಕಳಿಸಿದಳು. ‘ಇದೆಲ್ಲ ಇರ್ಲಿ. ಇನ್ಮೇಲೆ ಗಾಡಿ ಮಕ ರಸ್ತೆ ಕಡೆ ಮಾಡಿ ನಿಲ್ಸು, ಸಾಕು,’ ಎಂದರು ಲಿಯಾಕತ್ ಅಲಿ. ಚಟ್ನಿಪುಡಿಯನ್ನೇನೂ ಹಿಂದಿರುಗಿಸಲಿಲ್ಲ. ಆಯಿಷುಮ್ಮ ಪ್ರತಿವರ್ಷ ಲಾರಿಯಲ್ಲಿ ಮೊಟ್ಟೆ ಕಳಿಸುತ್ತಿದ್ದಳು. ಅದು ಆ ಕೋಳಿಯದೇ ಎಂದು ಅವಳ ವಾದ, ಅದರ ಮೊಮ್ಮಗಳದ್ದು ಎಂದು ಇವರ ವಾದ.

ತೀರಿಕೊಳ್ಳುವ ಹಿಂದಿನ ದಿನ, ಬುಧವಾರ, ರೇಡಿಯೋದಲ್ಲಿ ಮತ್ತೆ ಚಂಡಮಾರುತದ ಸುದ್ದಿ ಬಂತಂತೆ. ಲಿಯಾಕತ್ ಅಲಿ ಬೇಗ ಅಂಗಡಿ ಮುಚ್ಚಿ ಮನೆಗೆ ಬಂದರು. ಮೊದಲು ಆಯಿಷುಮ್ಮನ ಮನೆಯವರ ಮೊಬೈಲಿಗೆ ಫೋನು ಮಾಡಿ ಕೇರಿಯವರೆಲ್ಲ ಶಾಲೆಗೆ ಹೋದರೇ ಎಂದು ವಿಚಾರಿಸಿದರು. ಹೋಗಿದ್ದರು. ಆಮೇಲೆ ರಾಚಯ್ಯನಿಗೆ ಮಾಡಿದರು.

‘ಎಲ್ಲಿ ನಿಲ್ಸಿದ್ದೀಯ?’

‘ಸ್ಕೂಲ್ ದಿಬ್ಬದ ಮ್ಯಾಲೆ ಭಾಯ್.’

‘ಮಕ ಯಾವ ಕಡೆ?’

‘ರಸ್ತೆ ಕಡೆ.’

‘ಇಳುದು ನೋಡಿ ಹೇಳು.’

ರಾಚಯ್ಯ ನಗುತ್ತ ಇಳಿದು, ಲಾರಿಯ ಮುಂದೆ ನಿಂತು, ‘ರಸ್ತೆ ಕಡೇನೇ ಅದೆ, ನೋಡ್ದೆ,’ ಎಂದ.

‘ಸರಿ, ಊಟ ಮಾಡ್ಕೋ ಓಗು,’ ಎಂದು ಲಿಯಾಕತ್ ಅಲಿ ಫೋನು ಇಟ್ಟರು.