ಜೂರಾಕನ್‌ಳ ಕೆಳತುಟಿ

ನೋಕಾತ್ ಕಣಿವೆಯ ನಮ್ಮ ಊರಿನಲ್ಲಿ ನೆರೆತ ಗಡ್ಡದ ಗಂಡಸರೂ ಹೆದರುತ್ತಿದ್ದುದು ಒಬ್ಬಳಿಗೇ. ಅವಳು ನನ್ನ ಪಕ್ಕದ ಮನೆಯ ಜೂರಾಕನ್, ಊರ ಆರೋಗ್ಯ ಸಮಿತಿಯ ಮುಖ್ಯಸ್ಥೆ. ಬಿಳಿ ತಲೆವಸ್ತ್ರ ಕಟ್ಟಿ, ಕಂಕುಳಲ್ಲಿ ಒಂದು ನೋಟುಪುಸ್ತಕ ಸಿಕ್ಕಿಸಿಕೊಂಡು, ನಮ್ಮ ಬೆಳಗಿನ ಚಹಾ ಮುಗಿಯುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದಳು. ಸಿಗರೇಟು ಬಿಡುತ್ತೇನೆಂದವನ ಬೆರಳು ಮೂಸಿ ನೋಡುವಳು. ನಾಸ್ವಾಯ್ ಬಿಡುತ್ತೇನೆಂದವನಿಗೆ ಒಂದೇ ಮಾತು: “ತುಟಿ ಇಳ್ಸು.”

ಹೊಗೆಸೊಪ್ಪು, ಸುಣ್ಣ, ಬೂದಿ ಕಲಸಿದ ಆ ಹಸಿರು ಉಂಡೆಯನ್ನು ನಾವು ಕೆಳತುಟಿಯ ಹಿಂದೆ ಒತ್ತಿಟ್ಟುಕೊಳ್ಳುವವರು. ಹಾಗಾಗಿ ಕಳ್ಳತನ ಹಿಡಿಯಲು ತುಟಿ ನೋಡಿದರೆ ಸಾಕು. ಸಂತೆಯಲ್ಲಿ ಕುದುರೆಯ ಹಲ್ಲು ತೋರಿಸುವ ಹಾಗೆ ಮೊಮ್ಮಕ್ಕಳ ಎದುರಿಗೆ ನಾವು ತುಟಿ ಎಳೆದು ನಿಲ್ಲಬೇಕಿತ್ತು. ಅವಳ ಪಟ್ಟಿಯಲ್ಲಿ ನನ್ನದು ಹನ್ನೊಂದನೆಯ ಹೆಸರು. ಮೂವತ್ತು ವರ್ಷ ವ್ಯಾನು ಓಡಿಸಿದ ನನ್ನನ್ನು ಯಾವ ಪೊಲೀಸನೂ ಹಾಗೆ ತಪಾಸಣೆ ಮಾಡಿರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು, ಆದರೂ ನಾಸ್ವಾಯ್ ಬಿಟ್ಟೆ. ನಲವತ್ತು ದಿನ ಬಿಡುತ್ತೇವೆಂದು ರೊಟ್ಟಿ ಮುಟ್ಟಿ ಆಣೆ ಮಾಡಿದ್ದೆವಲ್ಲ. ರೊಟ್ಟಿಯ ಮೇಲೆ ಸುಳ್ಳಾಡಿದವನನ್ನು ರೊಟ್ಟಿಯೇ ಹೊಡೆಯುತ್ತದೆ, ಅದರಲ್ಲಿ ನಮ್ಮಲ್ಲಿ ಯಾರಿಗೂ ಅನುಮಾನವಿಲ್ಲ.

ಆಣೆಯ ದಿನ ರೊಟ್ಟಿ ಹಿಡಿದು ನಿಂತಿದ್ದವಳು ಜೂರಾಕನ್. ಹಿಡಿದವರು ಆಣೆ ಮಾಡಬೇಕಾಗಿಲ್ಲ. ಅವಳ ತುಟಿ ಇಳಿಸಿ ನೋಡಬೇಕೆಂದು ಊರಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮಿಬ್ಬರ ಗೋಡೆಯ ಹತ್ತಿರ ಒಂದು ಜರ್ದಾಳು ಮರವಿದೆ. ಅದರ ಬುಡದಲ್ಲಿ ಹಸಿರು ಉಗುಳು ಕಂಡ ದಿನವೇ ಎಲ್ಲ ತಿಳಿದುಹೋಗಿತ್ತು. ಅವಳ ಗಂಡ ತೀರಿಕೊಂಡು ಆರು ವರ್ಷ, ಆ ಮನೆಗೆ ಬೇರೆ ಗಂಡಸಿನ ಸುಳಿವಿಲ್ಲ. ಒಮ್ಮೆ ಅವಳು ಮರದ ಬುಡಕ್ಕೆ ಉಗುಳುವಾಗ ಗೋಡೆಯ ಈಚೆಯಿಂದ ಕೆಮ್ಮಿದೆ. ಅವಳು ಬಾಯಿ ಒರೆಸಿಕೊಂಡು ಹತ್ತಿರ ಬಂದಳು. ಬಚ್ಚಿಡಲು ಹೋಗಲಿಲ್ಲ.

ಕೇಳದೆಯೇ ಹೇಳಿದಳು. ಹದಿಮೂರನೇ ವಯಸ್ಸಿನಲ್ಲಿ ಸಾಮೂಹಿಕ ಹೊಲದ ಒಣಗಿಸುವ ಕೊಟ್ಟಿಗೆಯಲ್ಲಿ ಉದ್ದ ಸೂಜಿ ಹಿಡಿದು ಹೊಗೆಸೊಪ್ಪು ಪೋಣಿಸುತ್ತಿದ್ದಾಗ ಹಲ್ಲುನೋವು ಬಂತಂತೆ. ಪಕ್ಕದಲ್ಲಿ ಕೂತಿದ್ದ ಮುದುಕಿ ಒಂದು ಚಿಟಿಕೆ ಒತ್ತಿಟ್ಟಳು. ನೋವು ಹೋಯಿತು, ಚಿಟಿಕೆ ಉಳಿಯಿತು. ಸೊಸೆಯಾಗಿ ಬಂದ ಮನೆಯಲ್ಲಿ ಅತ್ತೆಯ ಕಣ್ಣು ತಪ್ಪಿಸಿ, ಹೆರಿಗೆಗಳಲ್ಲಿ, ಗಂಡನ ಸಾವಿನಲ್ಲಿ, ಎಲ್ಲದರಲ್ಲೂ ಅದೇ ಜೊತೆ. ಸಮಿತಿಗೆ ಸೇರಿದ್ದೇ ಬಿಡುವ ಆಸೆಯಿಂದ. ಊರವರು ಹಿಡಿದು ಮುಖ್ಯಸ್ಥೆ ಮಾಡಿಬಿಟ್ಟರು.

“ನಿಮ್ಮಿಂದ ಬಿಡೋಕಾಗದಿದ್ರೆ ನನ್ನ ಹತ್ರ ಬರ್ತೀರಿ,” ಅಂದಳು. “ನಾನು ಯಾರ ಬಾಗಿಲಿಗೆ ಹೋಗ್ಲಿ, ಹೇಳಣ್ಣ?”

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೆ ಖುಷಿಯಾಯಿತು. ಇನ್ನು ಇವಳು ನನ್ನ ತುಟಿಯನ್ನು ಅಷ್ಟು ಬಿಗಿಯಾಗಿ ನೋಡಲಾರಳು ಎಂದುಕೊಂಡೆ. ಅಂಥ ಮನುಷ್ಯ ನಾನು.

ಮೊದಲ ಮೊಮ್ಮಗು ಅಜ್ಜಿಯ ಪಾಲಿಗೆ ಎಂಬ ನಮ್ಮ ವಾಡಿಕೆಯಂತೆ ಜೂರಾಕನ್‌ಳ ಮಗನ ಮಗಳು ಜಿಪಾರಾ ಅವಳ ಜೊತೆಯಲ್ಲೇ ಬೆಳೆಯುತ್ತಿದ್ದಳು. ಅವಳಿಗೂ ಈಗ ಹದಿಮೂರು. ವಸಂತದಲ್ಲಿ ಒಂದು ದಿನ ಶಾಲೆಯ ಹಿತ್ತಲಲ್ಲಿ ಮೂವರು ಹುಡುಗಿಯರು ನಾಸ್ವಾಯ್ ಹಾಕಿಕೊಂಡರು. ಒಬ್ಬಳು ವಾಂತಿ ಮಾಡಿ ಬಿದ್ದಳು. ಪೊಟ್ಟಣ ಸಿಕ್ಕಿದ್ದು ಜಿಪಾರಾಳ ಚೀಲದಲ್ಲಿ. ಎಲ್ಲಿಂದ ತಂದೆ ಎಂದು ಎಷ್ಟು ಕೇಳಿದರೂ ಹುಡುಗಿ ಬಾಯಿಬಿಡಲಿಲ್ಲ.

ಶುಕ್ರವಾರ ಶಾಲೆಯಲ್ಲಿ ಸಭೆ ಸೇರಿತು. ಹಿರಿಯರು, ತಾಯಂದಿರು, ಪಟ್ಟಿಯಲ್ಲಿದ್ದ ನಾವೆಲ್ಲ ಬಂದಿದ್ದೆವು. ಜೂರಾಕನ್ ಒಳಗೆ ಬರುವಾಗ ಮುಖ ಬೂದಿಯಾಗಿತ್ತು, ಕೆಳತುಟಿ ತುಸು ಉಬ್ಬಿತ್ತು. ಹೆದರಿಕೆಗೆ ಬಾಗಿಲಾಚೆ ಒಂದು ಚಿಟಿಕೆ ಒತ್ತಿಕೊಂಡು ಬಂದಿದ್ದಾಳೆಂದು ನನಗೊಬ್ಬನಿಗೆ ತಿಳಿಯಿತು. ಎಂದಿನಂತೆ ಮುಖ್ಯೋಪಾಧ್ಯಾಯಿನಿ ಅರ್ಧ ಗಂಟೆ ಕೊರೆಯುತ್ತಾಳೆ, ಅಷ್ಟರಲ್ಲಿ ಎದ್ದುಹೋಗಿ ಉಗುಳಿ ಬರಬಹುದು ಎಂದು ಲೆಕ್ಕ ಹಾಕಿರಬೇಕು.

ಆಕೆ ಕೊರೆಯಲಿಲ್ಲ. ಜೂರಾಕನ್‌ಳನ್ನು ಮೇಜಿನ ಮಧ್ಯೆ ಕೂರಿಸಿ, ಅಜ್ಜಿಯೂ ಇವರೇ, ಸಮಿತಿಯೂ ಇವರೇ, ಇವರೇ ವಿಚಾರಿಸಲಿ ಎಂದು ಕೂತುಬಿಟ್ಟಳು.

ಬಾಯಿ ತೆರೆದರೆ ಹಸಿರು ಕಾಣುತ್ತದೆ. ನುಂಗಿದರೆ ಕರುಳು ಕಿತ್ತು ಬರುತ್ತದೆ. ಜೂರಾಕನ್ ತುಟಿ ಬಿಗಿದು ಕೂತಳು. ಬಾಯಲ್ಲಿ ನೀರು ತುಂಬುತ್ತಿದ್ದುದು ಅವಳ ಕೆನ್ನೆಯಲ್ಲೇ ಕಾಣುತ್ತಿತ್ತು. ಜನ ಅದನ್ನು ದುಃಖವೆಂದುಕೊಂಡರು. ನನ್ನ ಹಿಂದೆ ಯಾರೋ, ಪಾಪ, ಹೆಂಗಸಿನ ಮಾನ ಹೋಯ್ತಲ್ಲ ಎಂದರು. ಕೊನೆಗೆ ಹಿರಿಯ ಸಾತಾರ್ ಅಜ್ಜ ಸುತ್ತಿ ತಂದಿದ್ದ ವಸ್ತ್ರದ ಗಂಟು ಬಿಚ್ಚಿ ರೊಟ್ಟಿ ತೆಗೆದು ಮೇಜಿನ ಮೇಲಿಟ್ಟರು.

“ಯಾರು ಕೊಟ್ರು ಅಂತ ರೊಟ್ಟಿ ಮುಟ್ಟಿ ಹೇಳಿಬಿಡಮ್ಮ. ಆಮೇಲೆ ಯಾರೂ ನಿನ್ನ ಕೇಳಲ್ಲ,” ಎಂದು ಎದುರಿಗೆ ನಿಂತಿದ್ದ ಜಿಪಾರಾಳಿಗೆ ಹೇಳಿದರು.

ಹುಡುಗಿ ಅಜ್ಜಿಯ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಚುಚ್ಚಿತು. ರೊಟ್ಟಿಯ ಕಡೆ ಕೈ ಚಾಚಿ, “ದಾರೀಲಿ ಸಿಕ್ತು...” ಎಂದು ಶುರುಮಾಡಿದಳು.

ಜೂರಾಕನ್ ಆ ಕೈಯನ್ನು ತಟ್ಟಿ ಸರಿಸಿದಳು. ಎದುರಿಗಿದ್ದ ಚಹಾ ಬಟ್ಟಲನ್ನು ಎಳೆದುಕೊಂಡು ಎಲ್ಲರೂ ನೋಡುತ್ತಿದ್ದಂತೆ ಅದರೊಳಗೆ ಉಗುಳಿದಳು.

“ಪೊಟ್ಟಣ ನಂದು,” ಅಂದಳು. “ಅಂಗಿ ಗುಂಡಿ ಡಬ್ಬೀಲಿ ಇಟ್ಟಿದ್ದೆ. ಮಗು ನೋಡ್ಬಿಟ್ಟಿದೆ.”

ಸಾತಾರ್ ಅಜ್ಜ ರೊಟ್ಟಿಗೆ ಮುತ್ತಿಟ್ಟು ಮತ್ತೆ ವಸ್ತ್ರದಲ್ಲಿ ಸುತ್ತಿದರು. ನನಗೂ ಮೊದಲೇ ಗೊತ್ತಿತ್ತು ಎಂದು ನಾನು ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಆ ಸಂಜೆಯೇ ಪಟ್ಟಿಯ ಅರ್ಧ ಜನ ಮತ್ತೆ ಶುರುಮಾಡಿದರು. ನೆಪ ಕಾಯುತ್ತಿದ್ದವರಿಗೆ ಹೊಚ್ಚಹೊಸ ನೆಪ ಸಿಕ್ಕಿತ್ತು. ನೋಟುಪುಸ್ತಕ ಊರಿನ ನರ್ಸಿನ ಕೈಗೆ ಹೋಯಿತು. ಜೂರಾಕನ್ ಹೊರಗೆ ಬರುವುದನ್ನೇ ಬಿಟ್ಟಳು. ನೀರಿಗೂ ಜಿಪಾರಾಳೇ ಬರುತ್ತಿದ್ದಳು.

ಆದರೆ ದಿನಾ ಬೆಳಿಗ್ಗೆ ಗೋಡೆಯಾಚೆ ಒಂದು ಮಾತು ಕೇಳಿಸುತ್ತದೆ. ಶಾಲೆಯ ಚೀಲ ಹೆಗಲಿಗೇರಿಸಿದ ಹುಡುಗಿ ಕೋಣೆಯ ಬಾಗಿಲಲ್ಲಿ ನಿಂತು, ಅಜ್ಜಿಯದೇ ಧಾಟಿಯಲ್ಲಿ, “ಅಜ್ಜಿ, ತುಟಿ ಇಳ್ಸು,” ಅನ್ನುತ್ತಾಳೆ.

ನಿನ್ನೆ ಬಾಗಿಲು ತೆರೆಯಲಿಲ್ಲ. ಹುಡುಗಿ ಶಾಲೆಗೂ ಹೋಗದೆ ಹೊಸ್ತಿಲ ಮೇಲೆ ಕೂತಳು. ಶಾಲೆಗೆ ಹೋಗಮ್ಮ, ನಾನು ನೋಡ್ಕೋತೀನಿ ಎಂದೆ. ನೀವು ನೋಡ್ಕೊಂಡಿದ್ದು ಸಾಕು ಎಂದಳು. ಬಿಸಿಲು ಮರದ ನೆತ್ತಿಗೆ ಬಂದಾಗ ಅಗುಳಿ ಸರಿಯಿತು. ಜೂರಾಕನ್ ಹೊಸ್ತಿಲಲ್ಲಿ ನಿಂತು, ಬಾಗಿ, ಎರಡು ಬೆರಳಿನಿಂದ ತುಟಿ ಕೆಳಗೆಳೆದಳು. ಒಳಗೆ ಹಸಿರಿತ್ತು.

“ನಾಳೆ ಒಂದನೇ ದಿನ ಅಂತ ಬರ್ಕೋ,” ಅಂದಳು.

ಜಿಪಾರಾ ಚೀಲದಿಂದ ತನ್ನದೊಂದು ಪುಸ್ತಕ ತೆಗೆದು ಬರೆದುಕೊಂಡಳು. ಅದು ಅವಳು ಬರೆದುಕೊಂಡ ನಾಲ್ಕನೆಯ ಒಂದನೇ ದಿನ.